ಒಡೆಯನಿಲ್ಲದ ಜಾಲದ ಹುಡುಕಾಟ

1993ರ ಆರಂಭದಲ್ಲಿ ಅಂತರ್ಜಾಲದಲ್ಲಿ ಮಾಹಿತಿ ಹುಡುಕುವವರು ಹೆಚ್ಚು ನೆಚ್ಚಿಕೊಂಡಿದ್ದು ವೆಬ್ಬನ್ನಲ್ಲ, ಗೋಫರ್ ಎಂಬ ವ್ಯವಸ್ಥೆಯನ್ನು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯ ರೂಪಿಸಿದ ಗೋಫರ್ ಸರಳವಾಗಿತ್ತು, ವೇಗವಾಗಿತ್ತು, ಎಲ್ಲ ಕಡೆ ಹಬ್ಬಿತ್ತು. ಆ ವರ್ಷ ವಿಶ್ವವಿದ್ಯಾಲಯವು ತನ್ನ ಗೋಫರ್ ಸರ್ವರಿಗೆ ಕೆಲವು ಬಳಕೆದಾರರಿಂದ ಶುಲ್ಕ ಪಡೆಯುವುದಾಗಿ ಹೇಳಿತು. ಇಂದು ಶುಲ್ಕ ಕೇಳಿದವರು ನಾಳೆ ಇನ್ನೇನು ಕೇಳುತ್ತಾರೋ ಎಂಬ ಅಳುಕು ಹುಟ್ಟಿತು. ಅದೇ ವರ್ಷದ ಏಪ್ರಿಲ್ 30ರಂದು ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರವು ವೆಬ್ಬಿನ ಮೂಲ ತಂತ್ರಾಂಶದ ಮೇಲಿನ ತನ್ನ ಹಕ್ಕನ್ನು ಬಿಟ್ಟುಕೊಟ್ಟು ಅದನ್ನು ಸಾರ್ವಜನಿಕ ಸ್ವತ್ತಾಗಿಸಿತು. ಗೋಫರ್ ಕೆಲವೇ ವರ್ಷಗಳಲ್ಲಿ ಮೂಲೆಗೆ ಸರಿಯಿತು. ತಂತ್ರಜ್ಞಾನದ ಗುಣಾವಗುಣಗಳಷ್ಟೇ ಇದಕ್ಕೆ ಕಾರಣವಾಗಿರಲಿಲ್ಲ. ಒಡೆಯನಿರುವ ಕಡೆ ಮನೆ ಕಟ್ಟಲು ಜನ ಹಿಂಜರಿದರು.

ಆ ಹಿಂಜರಿಕೆಯನ್ನು ನಾವು ಮುಂದೆ ಹೇಗೆ ಮರೆತೆವು, ಈಗ ಯಾಕೆ ಮತ್ತೆ ನೆನಪಿಸಿಕೊಳ್ಳುತ್ತಿದ್ದೇವೆ ಎಂಬುದೇ ವಿಕೇಂದ್ರೀಕೃತ ಅಂತರ್ಜಾಲದ ಚರಿತ್ರೆ.

ಸರ್ನ್‌ನಲ್ಲಿದ್ದ ಟಿಮ್ ಬರ್ನರ್ಸ್-ಲೀ 1989ರ ಮಾರ್ಚ್‌ನಲ್ಲಿ ವೆಬ್ಬಿನ ಮೊದಲ ಪ್ರಸ್ತಾವ ಬರೆದಾಗ ಅವರೆದುರು ಒಂದು ಕಠಿಣ ಆಯ್ಕೆಯಿತ್ತು. ಬರಹದಿಂದ ಬರಹಕ್ಕೆ ಕೊಂಡಿ ಹಾಕುವ ಅದುವರೆಗಿನ ಹಲವು ಹೈಪರ್‌ಟೆಕ್ಸ್ಟ್ ವ್ಯವಸ್ಥೆಗಳು ಎಲ್ಲ ಕೊಂಡಿಗಳ ಲೆಕ್ಕವನ್ನೂ ಒಂದೇ ಕಡೆ ಇಟ್ಟುಕೊಳ್ಳುತ್ತಿದ್ದವು. ಹಾಗಾಗಿ ಕೊಂಡಿ ಮುರಿಯುತ್ತಿರಲಿಲ್ಲ. ಆದರೆ ಆ ಲೆಕ್ಕ ಇಡುವವನ ಅಪ್ಪಣೆಯಿಲ್ಲದೆ ಏನನ್ನೂ ಸೇರಿಸುವಂತಿರಲಿಲ್ಲ. ಬರ್ನರ್ಸ್-ಲೀ ಆ ಲೆಕ್ಕದ ಪುಸ್ತಕವನ್ನೇ ಕೈಬಿಟ್ಟರು. ಯಾರು ಬೇಕಾದರೂ ಯಾರ ಪುಟಕ್ಕಾದರೂ ಕೊಂಡಿ ಹಾಕಬಹುದು, ಕೇಳಬೇಕಾಗಿಲ್ಲ. ಕೆಲವು ಕೊಂಡಿಗಳು ಮುರಿದರೆ ಮುರಿಯಲಿ. ‘404’ ಎಂದು ನಮ್ಮನ್ನು ಕಾಡುವ ದೋಷಸಂದೇಶ ಆ ಸ್ವಾತಂತ್ರ್ಯಕ್ಕೆ ತೆತ್ತ ಬೆಲೆ. ನನ್ನ ಮಟ್ಟಿಗೆ ಇಡೀ ವೆಬ್ಬಿನಲ್ಲಿ ಇದಕ್ಕಿಂತ ಧೈರ್ಯದ ತೀರ್ಮಾನ ಇನ್ನೊಂದಿಲ್ಲ.

ಇನ್ನೊಂದು ಸಂಗತಿಯನ್ನು ಈಗ ಬಹಳ ಜನ ಮರೆತಿದ್ದಾರೆ. ನೆಕ್ಸ್ಟ್ ಎಂಬ ಕಂಪ್ಯೂಟರಿಗಾಗಿ ಬರ್ನರ್ಸ್-ಲೀ ಬರೆದ ಮೊದಲ ಬ್ರೌಸರಿನಲ್ಲಿ ಪುಟಗಳನ್ನು ಓದುವುದಷ್ಟೇ ಅಲ್ಲ, ಬರೆದು ತಿದ್ದುವುದಕ್ಕೂ ಅವಕಾಶವಿತ್ತು. ಓದುಗ, ಲೇಖಕ ಎಂಬ ಭೇದವೇ ಅಲ್ಲಿರಲಿಲ್ಲ. 1993ರಲ್ಲಿ ಬಂದು ವೆಬ್ಬನ್ನು ಮನೆಮಾತಾಗಿಸಿದ ಮೊಸಾಯಿಕ್ ಬ್ರೌಸರು ಪುಟದೊಳಗೇ ಚಿತ್ರಗಳನ್ನು ತೋರಿಸಿತು, ಬರೆಯುವ ಭಾಗವನ್ನು ಮಾತ್ರ ಬಿಟ್ಟಿತು. ನೋಡುವವರ ಸಂಖ್ಯೆ ಲಕ್ಷಗಳಿಗೆ ಏರಿತು. ಬರೆಯಬೇಕೆಂದವರು ಬೇರೆ ದಾರಿ ಹುಡುಕಬೇಕಾಯಿತು.

ಮನೆಯ ಕಂಪ್ಯೂಟರಿನಿಂದಲೇ ಜಾಲತಾಣ ನಡೆಸುವ ದಾರಿಯೂ ಕಿರಿದಾಯಿತು. ಇದರ ಕಾರಣ ಜಾಲದ ಕೊಳವೆಗಳಲ್ಲೇ ಇದೆ. ಮನೆಗೆ ಬಂದ ಬ್ರಾಡ್‌ಬ್ಯಾಂಡಿನಲ್ಲಿ ಇಳಿಸಿಕೊಳ್ಳುವ ವೇಗ ಹೆಚ್ಚು, ಏರಿಸುವ ವೇಗ ಕಡಿಮೆ. ಕಂಪನಿಗಳು ನಮ್ಮನ್ನು ಗ್ರಾಹಕರೆಂದೇ ಲೆಕ್ಕ ಹಾಕಿದ್ದವು. ಜೊತೆಗೆ ಜಾಲದಲ್ಲಿ ಯಂತ್ರಗಳನ್ನು ಗುರುತಿಸುವ ಹಳೆಯ ಮಾದರಿಯ ಐಪಿ ವಿಳಾಸಗಳು ಒಟ್ಟು ಸುಮಾರು 430 ಕೋಟಿ ಮಾತ್ರ. ಜಾಗತಿಕ ದಾಸ್ತಾನಿನ ಕೊನೆಯ ಕಂತು 2011ರ ಫೆಬ್ರುವರಿಯಲ್ಲಿ ಹಂಚಿಹೋಯಿತು. ಒಂದೇ ವಿಳಾಸದ ಹಿಂದೆ ಅನೇಕ ಫೋನುಗಳನ್ನು ಕೂಡಿಸುವ ಉಪಾಯವೇ ರೂಢಿಯಾಯಿತು. ಹಾಗೆ ಕೂಡಿಸಿದ ಫೋನಿನಿಂದ ಹೊರಗಿನವರನ್ನು ತಲುಪಬಹುದು, ಹೊರಗಿನವರು ನೇರವಾಗಿ ಅದನ್ನು ತಲುಪುವುದು ಕಷ್ಟ. ಮಾತಾಡಬೇಕೆಂದರೆ ಬೇರೆಯವರ ಸರ್ವರಿಗೆ ಹೋಗಲೇಬೇಕು.

ಇಷ್ಟಾದರೂ ಕೆಲವು ವರ್ಷ ಒಂದು ಸಮತೋಲನವಿತ್ತು. ಯೂನಿಕೋಡ್ ನೆಲೆಯೂರಿದ ಮೇಲೆ ಕನ್ನಡದಲ್ಲಿ ಬ್ಲಾಗುಗಳು ಹುಲುಸಾಗಿ ಬೆಳೆದ ಕಾಲವದು. ಬ್ಲಾಗಿದ್ದ ಸರ್ವರು ಯಾವುದೋ ಕಂಪನಿಯದೇ ಆಗಿರುತ್ತಿತ್ತು, ನಿಜ. ಆದರೆ 1999ರಲ್ಲಿ ಹುಟ್ಟಿದ ಆರ್‌ಎಸ್‌ಎಸ್ ಎಂಬ ಸರಳ ಏರ್ಪಾಡಿನಿಂದ ಓದುಗ ತನಗೆ ಬೇಕಾದ ಬರಹಗಾರರ ಪಟ್ಟಿಯನ್ನು ತಾನೇ ಇಟ್ಟುಕೊಳ್ಳುತ್ತಿದ್ದ. ಹೊಸ ಬರಹ ಬಂದರೆ ಬಂದ ಕ್ರಮದಲ್ಲೇ ಕಾಣಿಸುತ್ತಿತ್ತು. ಯಾವುದನ್ನು ಮೇಲೆ ತೋರಿಸಬೇಕು, ಯಾವುದನ್ನು ಮರೆಮಾಡಬೇಕು ಎಂದು ನಡುವೆ ನಿಂತು ನಿರ್ಧರಿಸುವವರು ಇರಲಿಲ್ಲ. ಆರ್‌ಎಸ್‌ಎಸ್ ಓದಲು ಬಹಳ ಮಂದಿ ಬಳಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈನಲ್ಲಿ ಮುಚ್ಚಿತು. ಆರ್‌ಎಸ್‌ಎಸ್ ಸಾಯಲಿಲ್ಲ, ಆದರೆ ಓದುವ ಅಭ್ಯಾಸ ಫೇಸ್‌ಬುಕ್ಕಿನ ಗೋಡೆಗಳತ್ತ ಸರಿಯಿತು.

ಅದೇ 2013ರಲ್ಲಿ ಇನ್ನೊಂದು ಬಾಗಿಲೂ ಹಾಕಿಕೊಂಡಿತು. ಗೂಗಲ್ ಟಾಕ್ ಎಂಬ ಸಂದೇಶ ಸೇವೆ ಎಕ್ಸ್‌ಎಂಪಿಪಿ ಎಂಬ ತೆರೆದ ಪ್ರೋಟೊಕಾಲಿನ, ಅಂದರೆ ಯಾರು ಬೇಕಾದರೂ ಬಳಸಬಹುದಾದ ಸಂವಹನ ನಿಯಮಗಳ ಮೇಲೆ ನಡೆಯುತ್ತಿತ್ತು. ಬೇರೆ ಸರ್ವರಿನಲ್ಲಿದ್ದವರೂ ಅದರ ಬಳಕೆದಾರರಿಗೆ ಸಂದೇಶ ಕಳಿಸಬಹುದಿತ್ತು. ಅದರ ಬದಲಿಗೆ ಬಂದ ಹ್ಯಾಂಗೌಟ್ಸ್‌ನಲ್ಲಿ ಆ ಸೌಲಭ್ಯವಿರಲಿಲ್ಲ. ತೆರೆದ ಜಾಲದ ನೆರವಿನಿಂದ ಬೆಳೆದು, ಬೆಳೆದ ಮೇಲೆ ಬಾಗಿಲು ಹಾಕಿಕೊಳ್ಳುವ ಈ ಚಾಳಿಯನ್ನು ನೆನಪಿಟ್ಟುಕೊಳ್ಳಬೇಕು.

ಬಾಗಿಲು ಹಾಕದಿದ್ದರೂ ಒಂದೇ ಕಂಪನಿಯನ್ನು ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಮ್ಮದೇ ನೆಲದ ಉದಾಹರಣೆ ‘ಕೂ’. ಬೆಂಗಳೂರಿನ ಈ ತಾಣ 2020ರಲ್ಲಿ ಮೊದಲು ಬಂದದ್ದೇ ಕನ್ನಡದಲ್ಲಿ. ಇಂಗ್ಲಿಷ್ ಬಾರದವರಿಗೂ ಚುಟುಕಾಗಿ ಬರೆಯುವ ಜಾಗ ಬೇಕೆಂಬ ಅದರ ಆಶಯ ದೊಡ್ಡದು, ಸರಿಯಾದದ್ದು. 2024ರ ಜುಲೈನಲ್ಲಿ ಅದು ನಿಂತಿತು. ಕಂಪನಿ ನಮ್ಮ ಊರಿನದು, ಭಾಷೆ ನಮ್ಮದು. ಆದರೂ ಹೆಸರು, ಬರಹ, ಓದುಗರ ಬಳಗ ಮೂರೂ ಒಂದೇ ಕಂಪನಿಯ ಆಸರೆಯಲ್ಲಿದ್ದುದರಿಂದ ಅದರ ಹಣಕಾಸು ಕುಸಿದಾಗ ಆ ಬಳಗವನ್ನು ಇದ್ದ ಹಾಗೇ ಇನ್ನೊಂದು ಕಡೆಗೆ ಕರೆದೊಯ್ಯುವ ದಾರಿ ಇರಲಿಲ್ಲ. ಸ್ವದೇಶಿ ಎಂಬುದು ಇಲ್ಲಿ ಉತ್ತರವಾಗಲಾರದು. ಬಿಟ್ಟು ಹೊರಡುವಾಗ ಏನನ್ನು ಜೊತೆಗೆ ಒಯ್ಯಬಹುದು ಎಂದು ಕೇಳಬೇಕು.

ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡವರಲ್ಲಿ ಜರ್ಮನಿಯ ಯೂಗೆನ್ ರೋಶ್ಕೊ ಒಬ್ಬರು. ಅವರು 2016ರಲ್ಲಿ ಬಿಡುಗಡೆ ಮಾಡಿದ ಮಾಸ್ಟಡಾನ್ ಒಂದು ತಾಣವಲ್ಲ, ಯಾರು ಬೇಕಾದರೂ ತಮ್ಮ ಸರ್ವರಿನಲ್ಲಿ ನಡೆಸಬಹುದಾದ ಸಾಮಾಜಿಕ ಜಾಲದ ತಂತ್ರಾಂಶ. ಇಮೇಲ್‌ನಂತೆ ಇಲ್ಲಿಯೂ ವಿಳಾಸದಲ್ಲಿ ಬಳಕೆದಾರನ ಹೆಸರು, ಸರ್ವರಿನ ಹೆಸರು ಎರಡೂ ಇರುತ್ತವೆ. ಒಂದು ಸರ್ವರಿನವರು ಇನ್ನೊಂದರಲ್ಲಿರುವವರನ್ನು ಹಿಂಬಾಲಿಸಬಹುದು. ಸರ್ವರುಗಳ ನಡುವಿನ ಮಾತುಕತೆಗೆ ಬಳಸುವ ಆ್ಯಕ್ಟಿವಿಟಿಪಬ್ ಪ್ರೋಟೊಕಾಲನ್ನು ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿ 2018ರ ಜನವರಿಯಲ್ಲಿ ಅಂಗೀಕರಿಸಿತು. ಭಾರತದಲ್ಲಿ ಮಾಸ್ಟಡಾನ್ ಹೆಸರು ಹೆಚ್ಚು ಕೇಳಿಬಂದದ್ದು 2019ರ ನವೆಂಬರ್‌ನಲ್ಲಿ, ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ಅಮಾನತುಗೊಳಿಸಿದ ಮೇಲೆ. ಮೂರು ವರ್ಷದ ನಂತರ ಇಲಾನ್ ಮಸ್ಕ್ 4,400 ಕೋಟಿ ಡಾಲರಿಗೆ ಟ್ವಿಟರನ್ನು ಕೊಂಡಾಗ ಇನ್ನೂ ದೊಡ್ಡ ವಲಸೆ ನಡೆಯಿತು.

ವಲಸೆ ಹೋದವರಲ್ಲಿ ಎಷ್ಟೋ ಜನ ಮರಳಿದರು. ಯಾವ ಸರ್ವರು ಸೇರಬೇಕು ಎಂಬ ಮೊದಲ ಪ್ರಶ್ನೆಯೇ ಹಲವರನ್ನು ಕಂಗೆಡಿಸಿತು. ಸಣ್ಣ ಸರ್ವರುಗಳನ್ನು ನಡೆಸುವವರು ಬಹುಪಾಲು ಸ್ವಯಂಸೇವಕರು. ಬೈಗುಳ, ದ್ವೇಷದ ದೂರುಗಳನ್ನು ರಾತ್ರಿಯಿಡೀ ಪರಿಶೀಲಿಸಿ ದಣಿಯುವವರೂ ಅವರೇ, ಬಾಡಿಗೆ ಕಟ್ಟುವವರೂ ಅವರೇ. ಇವರ ದುಡಿಮೆಗೆ ಸಲ್ಲಬೇಕಾದ ಗೌರವ ಸಂದಿಲ್ಲ. ಸರ್ವರು ತಮ್ಮದಾದರೂ ಹೆಸರು ತಮ್ಮದಲ್ಲ ಎಂಬ ಪಾಠವನ್ನು 2024ರ ಫೆಬ್ರುವರಿಯಲ್ಲಿ ಒಂದು ಮಾಸ್ಟಡಾನ್ ಸಮುದಾಯ ಕಲಿಯಿತು. ‘ಡಾಟ್ ಎಎಫ್’ ಎಂಬ ಅಫ್ಘಾನಿಸ್ತಾನದ ಡೊಮೇನ್ ಹೆಸರಿನಲ್ಲಿದ್ದ ಅದರ ವಿಳಾಸವನ್ನು ತಾಲಿಬಾನ್ ಆಡಳಿತ ರದ್ದುಗೊಳಿಸಿತು. ಜಾಲ ಎಷ್ಟೇ ಹರಡಿದ್ದರೂ ಹೆಸರುಗಳ ವ್ಯವಸ್ಥೆ ಇಂದಿಗೂ ಒಂದೇ ಬುಡದ ಮರ.

ದಾಖಲೆಯನ್ನು ಅನೇಕ ಕಂಪ್ಯೂಟರುಗಳಲ್ಲಿ ಹಂಚಿಡುವ ಬ್ಲಾಕ್‌ಚೈನ್ ಇದನ್ನೆಲ್ಲ ಬಗೆಹರಿಸುತ್ತದೆ ಎಂಬ ‘ವೆಬ್3’ ಮಾತು ಕೆಲವು ವರ್ಷ ಜೋರಾಗಿತ್ತು. ನನಗೆ ಅದರಲ್ಲಿ ನಂಬಿಕೆ ಬಂದಿಲ್ಲ. ದಾಖಲೆ ಸಾವಿರ ಕಡೆ ಹಂಚಿಹೋಗಿದ್ದರೂ ಸಾಮಾನ್ಯರು ಅದನ್ನು ಮುಟ್ಟುವುದು ಕೆಲವೇ ಕಂಪನಿಗಳ ಮೂಲಕ.

ಬ್ಲೂಸ್ಕೈ ಎಂಬ ಸಾಮಾಜಿಕ ತಾಣ ಹಿಡಿದಿರುವ ದಾರಿ ಬೇರೆ. ಮಾಸ್ಟಡಾನ್‌ನಲ್ಲಿ ಸರ್ವರು ಬದಲಿಸಿದರೆ ಹಿಂಬಾಲಕರು ಜೊತೆಗೆ ಬರುತ್ತಾರೆ, ಹಳೆಯ ಬರಹಗಳು ಬರುವುದಿಲ್ಲ. ಬ್ಲೂಸ್ಕೈಯ ಎಟಿ ಪ್ರೋಟೊಕಾಲಿನಲ್ಲಿ ಬರಹಗಳನ್ನೂ ಒಯ್ಯಬಹುದು. ಆದರೆ ಅಲ್ಲಿನ ಬಹುಪಾಲು ಖಾತೆಗಳಿರುವುದು ಬ್ಲೂಸ್ಕೈ ಎಂಬ ಒಂದೇ ಕಂಪನಿಯ ಸರ್ವರುಗಳಲ್ಲಿ. ಹೊರಡುವ ಹಕ್ಕು ಕಾಗದದ ಮೇಲಷ್ಟೇ ಇದ್ದರೆ ಸಾಲದು.

ಬೇರೆ ಬೇರೆ ಸೇವೆಗಳ ನಡುವಿನ ಬಾಗಿಲು ತೆರೆಸುವ ಕೆಲಸವನ್ನು ಯುರೋಪಿಯನ್ ಒಕ್ಕೂಟ ಕಾನೂನಿನಿಂದ ಮಾಡಿಸಲು ಹೊರಟಿದೆ. ಅಲ್ಲಿನ ಡಿಜಿಟಲ್ ಮಾರುಕಟ್ಟೆ ಕಾಯ್ದೆಯ ಪ್ರಕಾರ ವಾಟ್ಸ್ಆ್ಯಪ್‌ನಂಥ ದೊಡ್ಡ ಸೇವೆ, ಬೇರೆ ಸಂದೇಶ ಸೇವೆಗಳು ಕೇಳಿದರೆ ಅವುಗಳೊಂದಿಗೆ ಬೆಸೆದುಕೊಳ್ಳಲೇಬೇಕು. ನಮಗೆ ಇದು ಅಪರಿಚಿತ ವಿಚಾರವೇನಲ್ಲ. ಯುಪಿಐಯಲ್ಲಿ ಫೋನ್‌ಪೇ ಇಟ್ಟುಕೊಂಡವರು ಗೂಗಲ್ ಪೇ ಇರುವವರಿಗೆ ದಿನವೂ ಹಣ ಕಳಿಸುತ್ತಾರೆ. ಹಣ ದಾಟುವ ಗಡಿಯನ್ನು ಮಾತು ದಾಟಬಾರದು ಎನ್ನಲು ತಾಂತ್ರಿಕ ಕಾರಣವಿಲ್ಲ. ಮಾತನ್ನು ದಾಟಿಸಲೇಬೇಕು ಎಂದು ಸಂದೇಶ ಸೇವೆಯ ಕಂಪನಿಗಳಿಗೆ ಇಲ್ಲಿ ಇನ್ನೂ ಯಾರೂ ಹೇಳಿಲ್ಲ.