ಗ್ಯಾಪಿಗೊಂದು ತೇಪೆ, ಹಿತ್ತಲಿನ ದರ್ಜಿಗಳ ಕೃಪೆ

‘ಡಿಗ್ರಿ ಮುಗಿದು 14 ತಿಂಗಳಾಯಿತಲ್ಲ, ಈ ಗ್ಯಾಪ್‌ನಲ್ಲಿ ಏನು ಮಾಡಿದಿರಿ?’

ಕೆಲಸ ಹುಡುಕುವವರಿಗೆಲ್ಲ ಈ ಪ್ರಶ್ನೆಯ ಪರಿಚಯ ಚೆನ್ನಾಗಿಯೇ ಇರುತ್ತದೆ. ನಾನು ಮೂರು ಇಂಟರ್‌ವ್ಯೂಗಳಲ್ಲಿ ಇದಕ್ಕೆ ಮೂರು ಬಗೆಯ ಸುಳ್ಳು ಹೇಳಿದ್ದೆ. ಒಮ್ಮೆ ಆನ್‌ಲೈನ್ ಕೋರ್ಸ್ ಮಾಡಿದೆ ಅಂತ, ಇನ್ನೊಮ್ಮೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದಿದೆ ಅಂತ, ಮತ್ತೊಮ್ಮೆ ಅಪ್ಪನಿಗೆ ಹುಷಾರಿರಲಿಲ್ಲ ಅಂತ. ಅಪ್ಪ ಗುಂಡುಕಲ್ಲಿನ ಹಾಗಿದ್ದರು! ನಾಲ್ಕನೇ ಸಲ ಮಾತ್ರ ಬಾಯಿ ತಪ್ಪಿ ನಿಜ ಬಂದುಬಿಟ್ಟಿತು: ‘ಕೌದಿ ಹೊಲಿದೆ ಸರ್.’

ಕಥೆ ಶುರುವಾಗಿದ್ದು ಧಾರವಾಡದ ಹತ್ತಿರದ ನಮ್ಮ ಊರಿನಲ್ಲಿ. ಬೆಂಗಳೂರಿನ ರೂಮು ಖಾಲಿ ಮಾಡಿ, ಬ್ಯಾಗು ಹೊತ್ತು ಮನೆಗೆ ಬಂದಿದ್ದೆ. ಅಕ್ಕ ಬಸುರಿ. ದಸರೆಯ ಹೊತ್ತಿಗೆ ಹುಟ್ಟುವ ಕೂಸಿಗೆ ಕೌದಿ ಹೊಲಿಯಬೇಕೆಂದು ಅಜ್ಜಿ ಟ್ರಂಕು ತೆಗೆದಿದ್ದಳು. ತನ್ನ ಇಳಕಲ್ ಸೀರೆ, ಅಜ್ಜನ ಧೋತರ, ಅವ್ವನ ವಾಯಿಲ್ ಸೀರೆ, ನನ್ನ ಶಾಲೆಯ ಯೂನಿಫಾರ್ಮು ಎಲ್ಲ ಅದರಲ್ಲಿದ್ದವು. ಆದರೆ ಕಣ್ಣಿನ ಪೊರೆ ತೆಗೆಸಿದ ಮೇಲೂ ಅಜ್ಜಿಗೆ ಸೂಜಿಗೆ ದಾರ ಪೋಣಿಸುವುದು ಆಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಹತ್ತು ಸೂಜಿಗೆ ದಾರ ಪೋಣಿಸಿಡುವ ‘ನೌಕರಿ’ ನನ್ನದಾಯಿತು. ವಾರದಲ್ಲಿ ಬಡ್ತಿಯೂ ಸಿಕ್ಕಿತು: ಸೂಜಿ ನನ್ನ ಕೈಗೇ ಬಂತು.

‘ಇದೇನ್ ಹೊಲಿಗಿನೋ, ಕುಂಟ ಆಡು ನಡದಂಗ ಐತಿ’ ಎಂಬುದು ನನ್ನ ಮೊದಲ ಅಪ್ರೈಸಲ್. ಓಣಿಯವರದು ಬೇರೆ. ‘ಡಿಗ್ರಿ ಓದಿಸಿದ್ದು ಸೂಜಿ ಹಿಡ್ಯಾಕೇನ? ಅದೂ ಗಂಡಹುಡುಗ!’ ಅಜ್ಜಿ ಬಿಡಲಿಲ್ಲ: ‘ಪ್ಯಾಟ್ಯಾಗ ನಿಮ್ಮ ಜಂಪರ್ ಹೊಲ್ಯಾವ ಗಂಡಸಲ್ಲೇನವಾ?’

ಆ ಮಾತುಗಳಿಂದ ತಪ್ಪಿಸಿಕೊಳ್ಳಲು ನಾನು ಹಿತ್ತಲ ಕಟ್ಟೆಗೆ ಕೂರತೊಡಗಿದೆ. ಅಲ್ಲಿ ಬೆಳಕೂ ಚೆನ್ನಾಗಿತ್ತು. ‘ಟುವಿ ಟುವಿ ಟುವಿ’ ಎಂದು ಕಿವಿ ತೂತಾಗುವಂತೆ ಕೂಗುತ್ತಿದ್ದ ಹೆಬ್ಬೆರಳುದ್ದದ ಹಕ್ಕಿಯೊಂದು ಕಣ್ಣಿಗೆ ಬಿದ್ದದ್ದು ಅಲ್ಲಿಯೇ. ಸಿಂಪಿಗ ಹಕ್ಕಿ! ಕೆಂಗಂದು ನೆತ್ತಿ, ಹಸಿರು ಬೆನ್ನು, ನೆಟ್ಟಗೆ ನಿಂತ ಬಾಲ. ಅಂಜೂರದ ಗಿಡದಲ್ಲಿ ಅದು ಎಲೆಯ ಎರಡು ಅಂಚುಗಳನ್ನು ಹತ್ತಿರ ತಂದು, ಕೊಕ್ಕಿನಿಂದ ಸಣ್ಣ ತೂತು ಕೊರೆದು, ಹತ್ತಿಯ ಎಳೆ, ಜೇಡರ ಬಲೆಯ ನೂಲು ತೂರಿಸಿ ಹೊಲಿಯುತ್ತಿತ್ತು. ಹೊಲಿಯುವುದು ಹೆಣ್ಣುಹಕ್ಕಿ. ಒಂದೊಂದು ಹೊಲಿಗೆಯೂ ಬಿಡಿಬಿಡಿ. ತೂತಿನಿಂದ ಹೊರಬಂದ ಎಳೆಯ ತುದಿ ಅರಳಿ ನಿಲ್ಲುವುದರಿಂದ ಹೊಲಿಗೆ ಜಾರುವುದಿಲ್ಲ. ಹೀಗೆ ಮಾಡಿದ ಎಲೆಯ ಜೋಳಿಗೆಯೊಳಗೆ ಹತ್ತಿ, ನಾರು ತುಂಬಿದರೆ ಗೂಡು ರೆಡಿ.

ಅಜ್ಜಿಗೆ ಹೇಳಿದೆ. ‘ಅದಕ್ಕೂ ಗಂಟಿಲ್ಲ ನೋಡು. ನಮ್ಮ ಕಸೂತಿಗೂ ಗಂಟಿಲ್ಲ’ ಎಂದಳು. ಅಂದಿನಿಂದ ಕಸೂತಿ ಕ್ಲಾಸು ಶುರು. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ, ಹಾಸು–ಹೊಕ್ಕಿನ ಎಳೆ ಎಣಿಸಿಯೇ ಹಾಕಬೇಕು. ಹೊಲಿಗೆ ನಾಲ್ಕು ಬಗೆ. ಗವಂತಿಯಲ್ಲಿ ಹೋಗುವಾಗ ಬಿಟ್ಟ ಸಂದನ್ನು ಬರುವಾಗ ತುಂಬುತ್ತಾರೆ. ಮುರಗಿ ಮೆಟ್ಟಿಲಿನಂತೆ ಅಂಕುಡೊಂಕು. ನೇಯ್ಗೆಯಂತೆಯೇ ಕಾಣುವುದು ನೇಗಿ. ಮೆಂತ್ಯದ ಕಾಳಿನಷ್ಟು ಸಣ್ಣ ಅಡ್ಡಗೆರೆಗಳದು ಮೆಂತಿ. ಗವಂತಿ, ಮುರಗಿಗಳಲ್ಲಿ ಬಟ್ಟೆಯ ಎರಡೂ ಮುಖ ಒಂದೇ ಥರ ಕಾಣುತ್ತದೆ.

‘ಆನಿ, ತೇರು, ಗೋಪುರ, ತುಳಸಿಕಟ್ಟಿ... ಯಾವ್ದು ಹಾಕ್ಲಿ?’ ಎಂದು ಕೇಳಿದೆ. ಅಜ್ಜಿ ಹೇಳಿದ್ದು ಇಷ್ಟೇ: ‘ನಾವು ಕಂಡದ್ದು ನಾವು ಹಾಕಿದ್ವಿ. ನೀ ಕಂಡದ್ದು ನೀ ಹಾಕು.’

ನಾನು ಕಂಡದ್ದೇನು? ಹಿತ್ತಲು! ಕಾಲೇಜಿನ ಪ್ರಾಕ್ಟಿಕಲ್ಸ್‌ನಲ್ಲಿ ಉಳಿದಿದ್ದ ಗ್ರಾಫ್ ಶೀಟುಗಳನ್ನು ಹುಡುಕಿ ತೆಗೆದೆ. ಒಂದು ಚೌಕಕ್ಕೆ ಇಷ್ಟು ಎಳೆ ಎಂದು ಲೆಕ್ಕ. ಮೊದಲ ಸಿಂಪಿಗ ಹಕ್ಕಿ ಕೋಳಿಯಾಯಿತು, ಎರಡನೆಯದು ಡೈನೋಸಾರ್. ಕಸೂತಿಗೆ ನೇರ ಗೆರೆ, ಓರೆ ಗೆರೆ ಗೊತ್ತೇ ಹೊರತು ದುಂಡು ಹೊಟ್ಟೆ ಗೊತ್ತಿಲ್ಲ. ಆಮೇಲೆ ಹೊಳೆಯಿತು, ಇಡೀ ಹಕ್ಕಿ ಬೇಕಿಲ್ಲ. ನೆಟ್ಟಗೆ ನಿಂತ ಬಾಲ, ಚೂಪು ಕೊಕ್ಕು ಸಾಕು. ಅಳಿಲಿಗೆ ಬೆನ್ನಿನ ಮೂರು ಪಟ್ಟೆ ಸಾಕು. ಅದರ ಗುರುತು ಯಾವುದೋ ಅದನ್ನಷ್ಟೇ ಇಟ್ಟುಕೊಂಡು ಉಳಿದದ್ದು ಬಿಡುವುದು. (ರೆಸ್ಯೂಮ್ ಬರೆಯುವಾಗಲೂ ಇದು ಕೆಲಸಕ್ಕೆ ಬರುತ್ತದೆ!)

ಕೆಲವು ಡಿಸೈನುಗಳಂತೂ ರೆಡಿಮೇಡ್. ದಾಸವಾಳದ ನಡುವೆ ಬಲೆ ಕಟ್ಟಿದ್ದ ಸಹಿ ಜೇಡ ನಾಲ್ಕೂ ಕಡೆ ಬಿಳಿ ಅಂಕುಡೊಂಕು ಗೆರೆ ಎಳೆದು, ಕಾಲುಗಳನ್ನು ಎರಡೆರಡು ಜೋಡಿಸಿ ಗುಣಾಕಾರ ಚಿಹ್ನೆಯಂತೆ ಕೂತಿತ್ತು. ಆ ಗೆರೆ ಯಾಕೆ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲವಂತೆ. ಅಜ್ಜಿಗೆ ಮಾತ್ರ ಸಂಶಯವೇ ಇಲ್ಲ: ‘ಅದು ಮುರಗಿ ಹಾಕೇತಿ!’ ಮಾವಿನ ಮರದ ಕೆಂಪು ಚಗಳಿಗಳು ತಮ್ಮ ಮರಿಹುಳುಗಳನ್ನೇ ಬಾಯಲ್ಲಿ ಹಿಡಿದು, ಅವು ಬಿಡುವ ರೇಷ್ಮೆಯಿಂದ ಎಲೆಗೆ ಎಲೆ ಅಂಟಿಸುತ್ತಿದ್ದವು.

ಒಂದು ದಿನ ಗುಲಾಬಿಯ ಎಲೆಗಳ ಅಂಚು ಕತ್ತರಿಯಿಂದ ಕತ್ತರಿಸಿದಂತೆ ದುಂಡಗೆ ಮಾಯವಾಗಿದ್ದವು. ಅವ್ವ ಔಷಧಿ ಹೊಡೆಯಲು ಡಬ್ಬಿ ತಂದೇಬಿಟ್ಟಳು. ‘ಒಂದ್ ದಿನ ತಡಿ’ ಎಂದು ಕಾದು ಕೂತೆ. ಕಳ್ಳಿ ಸಿಕ್ಕಳು. ಎಲೆ ಕತ್ತರಿಸುವ ಜೇನು! ದುಂಡಗಿನ ತುಂಡನ್ನು ಹೊಟ್ಟೆಯಡಿ ಹಿಡಿದು ಹಾರಿದ ಅದು ಗೋಡೆಯ ತೂತಿನೊಳಗೆ ಹೋಯಿತು. ಈ ಜಾತಿಯ ಜೇನುಗಳು ತುಂಡಿನ ಮೇಲೆ ತುಂಡು ಹಾಸಿ ಪುಟ್ಟ ತೊಟ್ಟಿಲು ಮಾಡುತ್ತವೆ, ಅದರಲ್ಲಿ ಪರಾಗ–ಮಕರಂದದ ಬುತ್ತಿಯಿಟ್ಟು ಒಂದೇ ಒಂದು ಮೊಟ್ಟೆ ಇಡುತ್ತವೆ. ಅದೂ ತನ್ನ ಕೂಸಿಗೆ ಕೌದಿಯನ್ನೇ ಹೊಲಿಯುತ್ತಿತ್ತು! ಅವ್ವ ಡಬ್ಬಿ ಒಳಗಿಟ್ಟಳು. ಹಸಿರು ಸೀರೆಯ ದುಂಡು ತೇಪೆಗಳು ನಮ್ಮ ಕೌದಿಯ ಅಂಚಿಗೆ ಬಂದವು. ಮೂಲೆಗೆ, ಯಲ್ಲಾಪುರ–ಹಳಿಯಾಳ ಸೀಮೆಯ ಸಿದ್ದಿ ಮಹಿಳೆಯರ ಕೌದಿಗಳಲ್ಲಿ ‘ಫೂಲಾ’ ಎನ್ನುವ ತ್ರಿಕೋನದ ಬಟ್ಟೆ ಮಡಿಕೆಗಳಿರುತ್ತವಲ್ಲ, ಅಂಥದ್ದನ್ನೇ ಹಾಕಿದೆವು.

ಎಲ್ಲ ಸಲೀಸಾಗಿ ನಡೆಯಿತು ಅಂದುಕೊಳ್ಳಬೇಡಿ. ಆಗಸ್ಟಿನಲ್ಲಿ ಒಂದು ಮೇಲ್ ಬಂತು. ನಾನು ತುಂಬ ನೆಚ್ಚಿಕೊಂಡಿದ್ದ ಕಡೆಯಿಂದ ‘ವಿಷಾದಿಸುತ್ತೇವೆ’ ಎಂಬ ಎರಡು ಸಾಲು. ಅದೇ ಸಂಜೆ ಅಜ್ಜಿ, ನಾನು ಮೂರು ದಿನ ಕೂತು ಹಾಕಿದ್ದ ಅಳಿಲಿನ ಮೇಲೆ ಬೆರಳಾಡಿಸಿ, ‘ಗಂಟ ಹಾಕೀಯೇನೋ?’ ಎಂದಳು. ಹೌದು, ಬೇಗ ಮುಗಿಯಲೆಂದು ಹಿಂಬದಿಗೆ ಗಂಟು ಹಾಕಿದ್ದೆ. ‘ಅದು ಕೌದಿ ಒಳಗ ಹೋಗತೈತಿ, ಯಾರಿಗಿ ಕಾಣತೈತಿ?’ ಎಂದೆ. ‘ಕಾಣಂಗಿಲ್ಲ. ಆದ್ರ ಕೂಸಿನ ಮೈಗೆ ಒತ್ತತೈತಿ. ಬಿಚ್ಚು.’

ನನಗೆ ತಡೆಯಲಾಗಲಿಲ್ಲ. ‘ಇದ್ರಿಂದ ಯಾರ ಹೊಟ್ಟಿ ತುಂಬತೈತಿ?’ ಎಂದು ಕೂಗಾಡಿ, ಬಟ್ಟೆ ಎಸೆದು ಹೊರಗೆ ಹೋದೆ. ರಾತ್ರಿ ಬಂದು ನೋಡಿದರೆ ಲೈಟಿನ ಕೆಳಗೆ ಅಜ್ಜಿ. ಕಣ್ಣಿಗೆ ಹತ್ತಿರ ಹಿಡಿದು ಒಂದೊಂದೇ ಗಂಟು ಬಿಡಿಸುತ್ತಿದ್ದಳು. ಸೂಜಿ ಚುಚ್ಚಿ ಬೆರಳಿನಲ್ಲಿ ರಕ್ತದ ಚುಕ್ಕೆ. ಬೈಯಲಿಲ್ಲ, ಸರಿದು ಜಾಗ ಕೊಟ್ಟಳು. ಉಳಿದ ಗಂಟುಗಳನ್ನು ನಾನೇ ಬಿಡಿಸಿದೆ. ಅಳಿಲು ಮತ್ತೆ ಶುರುವಾಯಿತು, ಗಂಟಿಲ್ಲದೆ.

ಅದಕ್ಕೇ ನಾಲ್ಕನೇ ಇಂಟರ್‌ವ್ಯೂನಲ್ಲಿ ಸುಳ್ಳು ಬಾಯಿಗೆ ಬರಲಿಲ್ಲವೇನೋ. ಮೇಜಿನಾಚೆಯ ಇಬ್ಬರು ನಕ್ಕರು. ಮೂರನೆಯವರು ಮಾತ್ರ ಫೋಟೊ ನೋಡಿ, ಎಷ್ಟು ದಿನ ಹಿಡಿಯಿತು, ಅಳತೆ ಹೇಗೆ ಹಾಕಿದಿರಿ, ತಪ್ಪಾದಾಗ ಏನು ಮಾಡಿದಿರಿ ಎಂದೆಲ್ಲ ಕೇಳಿದರು. ಹತ್ತು ನಿಮಿಷ ಒಂದೇ ಸಮನೆ ಮಾತಾಡಿದೆ. ಅಷ್ಟು ನಿರಾಳವಾಗಿ ನಾನು ಯಾವ ಇಂಟರ್‌ವ್ಯೂನಲ್ಲೂ ಮಾತಾಡಿರಲಿಲ್ಲ.

ಆ ಕೆಲಸ ಸಿಗಲಿಲ್ಲ. ಹುಡುಕಾಟ ಇನ್ನೂ ನಡೆದಿದೆ. ಆದರೆ ‘ಗ್ಯಾಪ್’ ಎಂಬ ಪದ ಕೇಳಿದರೆ ಈಗ ಹೊಟ್ಟೆ ಹಿಂಡುವುದಿಲ್ಲ. ಗವಂತಿಯಲ್ಲಿ ಹೋಗುವಾಗ ಬಿಟ್ಟ ಸಂದು ಬರುವಾಗ ತುಂಬುತ್ತದೆ ಎಂದು ಗೊತ್ತಾಗಿದೆಯಲ್ಲ! ನೀವೂ ನನ್ನ ಹಾಗೆ ಮೇಲ್‌ಗೆ ಕಾಯುತ್ತಿದ್ದರೆ, ದಿನಕ್ಕೆ ಅರ್ಧ ಗಂಟೆ ಫೋನ್ ಒಳಗಿಟ್ಟು ಹೊರಗೆ ಕೂತು ನೋಡಿ. ಹಿತ್ತಲೇ ಬೇಕೆಂದಿಲ್ಲ, ಪಿಜಿ ಬಾಲ್ಕನಿಯ ಕರಿಬೇವಿನ ಕುಂಡಕ್ಕೂ ಚಿಟ್ಟೆ ಬಂದು ಮೊಟ್ಟೆ ಇಡುತ್ತದೆ.

ಅಕ್ಕನ ಮಗಳಿಗೆ ಈಗ ಆರು ತಿಂಗಳು. ಕೌದಿಯ ಮೇಲೆ ಬೋರಲಾಗಿ, ನಾನು ಎರಡು ಸಲ ಹಾಕಿದ ಅಳಿಲನ್ನೇ ಹುಡುಕಿ ಚೀಪುತ್ತಾಳೆ. ಇದುವರೆಗೆ ನನಗೆ ಸಿಕ್ಕ ಅತ್ಯುತ್ತಮ ಅಪ್ರೈಸಲ್ ಇದೇ!