‘ಇಂದು ಬೇಡ’ ಎಂಬ ಮಾತಿನ ಬೆಲೆ

ಕಾಶ್ಮೀರದ ಗುಲ್ಮಾರ್ಗ್ ಬೇಸಿಗೆಯಲ್ಲಿ ಹಸಿರು ಹುಲ್ಲುಗಾವಲು. ಚಳಿಗಾಲದಲ್ಲಿ ಹಿಮವನ್ನೇ ಬಂಡವಾಳವಾಗಿಸಿಕೊಂಡ ವ್ಯಾಪಾರ ಕೇಂದ್ರ. ಅಲ್ಲಿನ ಗೊಂಡೋಲಾ ರೋಪ್‌ವೇಯ ಮೊದಲ ಹಂತ 1998ರಲ್ಲಿಯೂ ಎರಡನೆಯ ಹಂತ 2005ರಲ್ಲಿಯೂ ಆರಂಭವಾದವು. ಎರಡನೆಯ ಹಂತವು ಅಫರ್ವಾತ್ ಪರ್ವತದ ಸುಮಾರು 3,900 ಮೀಟರಿಗೂ ಮಿಗಿಲಾದ ಎತ್ತರಕ್ಕೆ ಒಯ್ಯುತ್ತದೆ. ಕಾವಲಿರುವ ಇಳಿಜಾರನ್ನು ಬಿಟ್ಟು, ಯಾರೂ ತುಳಿಯದ ಹಿಮವನ್ನು ಅರಸಿ ಪಕ್ಕದ ಕಣಿವೆಗಳಿಗೆ ಇಳಿಯುವ ಸಾಹಸಿ ಸ್ಕೀಯರ್‌ಗಳು ದೇಶವಿದೇಶಗಳಿಂದ ಇಲ್ಲಿಗೆ ಬರುತ್ತಾರೆ. ಹೋಟೆಲು, ವಾಹನ, ಸಲಕರಣೆಗಳ ಬಾಡಿಗೆ, ಮಾರ್ಗದರ್ಶಿಗಳ ಕೂಲಿ ಎಲ್ಲವೂ ಕೆಲವೇ ತಿಂಗಳ ಹಿಮವನ್ನು ನಂಬಿಕೊಂಡಿವೆ.

ಈ ವ್ಯಾಪಾರಕ್ಕೆ ಖರ್ಚಿನ ಮಗ್ಗುಲೊಂದಿದೆ. 2023ರ ಫೆಬ್ರವರಿ 1ರಂದು ಅಫರ್ವಾತ್‌ನಲ್ಲಿ ಸಂಭವಿಸಿದ ಹಿಮಕುಸಿತದಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಮೃತಪಟ್ಟರು. ರಕ್ಷಿಸಲ್ಪಟ್ಟವರಲ್ಲಿ ಸ್ಥಳೀಯ ಮಾರ್ಗದರ್ಶಿಗಳೂ ಇದ್ದರು. 2024ರ ಫೆಬ್ರವರಿ 22ರಂದು ರಷ್ಯಾದ ಒಬ್ಬ ಸ್ಕೀಯರ್ ಬಲಿಯಾದರು. ಅದೇ ವರ್ಷದ ಜನವರಿಯಲ್ಲಿ ಗುಲ್ಮಾರ್ಗ್ ಬಹುತೇಕ ಹಿಮವಿಲ್ಲದೆ ಬರಿದಾಗಿತ್ತು.

ಹಿಮಕುಸಿತಕ್ಕೂ ಒಂದು ಲೆಕ್ಕವಿದೆ. ದುರ್ಬಲ ಪದರದ ಮೇಲೆ ಹೊಸ ಹಿಮವೋ ಗಾಳಿ ತಂದು ಪೇರಿಸಿದ ಹಿಮವೋ ಕುಳಿತಾಗ, ಒಬ್ಬ ಮನುಷ್ಯನ ಭಾರವೇ ಇಡೀ ಇಳಿಜಾರನ್ನು ಸಡಿಲಿಸಬಲ್ಲದು. ಸಾಮಾನ್ಯವಾಗಿ 30ರಿಂದ 45 ಡಿಗ್ರಿಯ ಇಳಿಜಾರುಗಳು ಹೆಚ್ಚು ಅಪಾಯಕಾರಿ. ಸ್ಕೀಯರ್‌ಗಳು ಬಯಸುವುದೂ ಅವನ್ನೇ. ಸ್ವಿಟ್ಜರ್ಲೆಂಡಿನ ನಾಲ್ಕು ದಶಕಗಳ ಅಪಘಾತಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಿಮದಡಿ ಪೂರ್ಣವಾಗಿ ಹೂತುಹೋದವರನ್ನು 10 ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. 10ರಿಂದ 30 ನಿಮಿಷವಾದರೆ ಬದುಕುವವರು ಮೂರರಲ್ಲಿ ಒಬ್ಬರು ಮಾತ್ರ. ಅಷ್ಟರಲ್ಲಿ ಕೆಳಗಿನ ಊರಿನಿಂದ ನೆರವು ಬಂದು ತಲುಪುವುದು ದುರ್ಲಭ. ಆದುದರಿಂದ ಸಂಕೇತ ಕಳುಹಿಸುವ ಟ್ರಾನ್ಸ್‌ಸೀವರ್, ಹಿಮದಲ್ಲಿ ಚುಚ್ಚಿ ಹುಡುಕುವ ಉದ್ದನೆಯ ಸಲಾಕೆ ಮತ್ತು ಸಲಿಕೆ ತಂಡದ ಪ್ರತಿಯೊಬ್ಬರ ಬಳಿಯೂ ಇರಬೇಕು. ಬಳಸುವ ಅಭ್ಯಾಸವೂ ಇರಬೇಕು. ಇಲ್ಲವಾದರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತಾಗುತ್ತದೆ.

ಆದರೆ ಸಲಕರಣೆಗಳು ಕುಸಿತವನ್ನು ತಡೆಯಲಾರವು. ತಡೆಯಬಲ್ಲದ್ದು ಬೆಳಗಿನ ಒಂದೇ ಮಾತು: “ಇಂದು ಬೇಡ.” ಈ ಮಾತನ್ನು ಆಡಬೇಕಾದವನು ಮಾರ್ಗದರ್ಶಿ. ದಿನಗೂಲಿಯ ಮೇಲೆ ದುಡಿಯುವವನು ಹಾಗೆಂದರೆ ಆ ದಿನದ ಗಳಿಕೆಯನ್ನು ಕಳೆದುಕೊಳ್ಳುತ್ತಾನೆ; ಹಿಮ ತಡವಾಗಿ ಬಿದ್ದ ವರ್ಷದಲ್ಲಂತೂ ಆ ನಷ್ಟ ಇಮ್ಮಡಿ ಭಾರ. ದೂರದಿಂದ ಹಣ ಸುರಿದು ಬಂದ ಗಿರಾಕಿಗೂ ದಿನ ವ್ಯರ್ಥವಾಗುವುದು ಸಹಿಸದು. ಇಬ್ಬರ ಲಾಭವೂ “ಹೋಗೋಣ” ಎಂಬ ಕಡೆಗೇ ವಾಲಿದಾಗ ತೀರ್ಮಾನ ನಿಷ್ಪಕ್ಷಪಾತವಾಗಿರುವುದು ಕಷ್ಟ.

ಪರಿಹಾರ ಒಪ್ಪಂದದಲ್ಲಿಯೇ ಇದೆ. ಮೇಲೆ ಹೋಗದ ದಿನಕ್ಕೂ ಮಾರ್ಗದರ್ಶಿಗೆ ಕೂಲಿ ಸಲ್ಲಬೇಕು. ಅದನ್ನು ಪ್ರವಾಸದ ಒಟ್ಟು ದರದಲ್ಲಿ ಮೊದಲೇ ಸೇರಿಸಬೇಕು. ಪ್ರವಾಸದ ಅವಧಿಯಲ್ಲಿ ಒಂದೆರಡು ದಿನಗಳನ್ನು ಮೀಸಲಿಡಬೇಕು. ಗುರುತಿಸಿದ ಇಳಿಜಾರಿನ ಹೊರಗಿನ ಸ್ಕೀಯಿಂಗ್‌ಗೂ ರಕ್ಷಣಾ ಕಾರ್ಯದ ವೆಚ್ಚಕ್ಕೂ ವಿಮೆ ಅನ್ವಯಿಸುವುದೇ ಎಂಬುದನ್ನು ಹೊರಡುವ ಮೊದಲೇ ಓದಿ ನೋಡಬೇಕು.

ಸಂಭವನೀಯ ನಷ್ಟಕ್ಕೆ ಮುಂಚಿತವಾಗಿ ಹಣ ತೆಗೆದಿರಿಸುವುದು ಪ್ರತಿ ವರ್ತಕನೂ ಬಲ್ಲ ವಿವೇಕ. ಬಾಯ್ಲರ್ ಪರೀಕ್ಷೆಗೆಂದು ಯಂತ್ರ ನಿಲ್ಲಿಸಿದ ದಿನದ ಉತ್ಪಾದನೆಯನ್ನು ಯಾವ ಕಾರ್ಖಾನೆಯೂ ನಷ್ಟವೆಂದು ಭಾವಿಸದು. ಹಿಮಪರ್ವತದಲ್ಲಿಯೂ ಹಾಗೆಯೇ: ಕೈಬಿಟ್ಟ ದಿನದ ಬೆಲೆಯನ್ನು ಎಲ್ಲರೂ ಹಂಚಿಕೊಂಡರೆ ಮಾತ್ರ “ಇಂದು ಬೇಡ” ಎನ್ನುವ ಧೈರ್ಯ ಒಬ್ಬನಿಗಾದರೂ ಉಳಿಯುತ್ತದೆ.