ಕಸುಬು, ಕಲಿಕೆ ಮತ್ತು ನಮ್ಮ ಉಸಿರು



ದೇಹವು ನಮ್ಮ ಬಳಿ ಇರುವ ಅಮಾನತ್ ಎಂಬುದನ್ನು ಈ ಬಾರಿಯ ಜುಮಾದಲ್ಲಿ ನೆನಪಿಸಿಕೊಂಡೆವು. ರಾಮನಗರ, ಶಿಡ್ಲಘಟ್ಟದಂಥ ಊರುಗಳಲ್ಲಿ ನಮ್ಮ ಎಷ್ಟೋ ಮನೆಗಳ ಒಲೆ ಉರಿಯುವುದು ರೇಷ್ಮೆ ನೂಲು ತೆಗೆಯುವ ಕಸುಬಿನಿಂದ. ಇದು ಹಲಾಲ್ ದುಡಿಮೆ, ನಮಗೆ ಅಭಿಮಾನವಿದೆ. ಆದರೆ ಅದು ಎದೆಗೆ ಏನು ಮಾಡಬಲ್ಲದು ಎಂಬುದೂ ನಮಗೆ ತಿಳಿದಿರಬೇಕು.

ಗೂಡುಗಳನ್ನು ಬೇಯಿಸಿದಾಗ ಎಳೆಗೆ ಅಂಟಿದ ಸೆರಿಸಿನ್ ಎಂಬ ಗೋಂದು ಸಡಿಲವಾಗುತ್ತದೆ. ಅದರ ಮತ್ತು ಹುಳುವಿನ ಸೂಕ್ಷ್ಮ ಕಣಗಳು ಗಾಳಿಗೆ ಸೇರುತ್ತವೆ, ಒಲೆಯ ಹೊಗೆಯೂ ಜೊತೆಗೂಡುತ್ತದೆ. ಕೆಲವರ ದೇಹಕ್ಕೆ ಈ ಕಣಗಳು ಒಗ್ಗುವುದಿಲ್ಲ; ಶ್ವಾಸನಾಳಗಳು ಬಿಗಿಯುತ್ತವೆ. ಇದೇ ಕಸುಬಿನಿಂದ ಬರುವ ಆಸ್ತಮಾ. ಕೆಲಸದ ದಿನ ಕೆಮ್ಮು, ಎದೆಯಲ್ಲಿ ಸುಯ್ ಎಂಬ ಸದ್ದು, ರಜೆಯಲ್ಲಿ ಹಗುರ ಎನಿಸಿದರೆ ಎಚ್ಚರವಾಗಬೇಕು.

ದಿನವಿಡೀ ದುಡಿಯುವವರಿಗೆ ವ್ಯಾಯಾಮ ಯಾಕೆ ಎನ್ನುತ್ತೇವೆ. ದುಡಿಮೆಯಿಂದ ತೋಳಿಗೆ ಬಲ ಬರಬಹುದು. ಆದರೆ ಹೊಗೆಯಲ್ಲಿ ಒಂದೇ ಕಡೆ ನಿಂತರೆ ಶ್ವಾಸಕೋಶಕ್ಕೆ ಬಲ ಬರುವುದಿಲ್ಲ. ಇತ್ತ ಓದಿ ಕಚೇರಿ ಸೇರಿದ ನಮ್ಮ ಮಕ್ಕಳು ಹೊಗೆಯಿಂದ ಪಾರಾದರೂ ಕುರ್ಚಿ ಬಿಟ್ಟೇಳುವುದಿಲ್ಲ. ಮಸೀದಿಯ ಮೆಟ್ಟಿಲು ಹತ್ತುವಾಗ ಇಬ್ಬರಿಗೂ ಏದುಸಿರು! ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯುವಷ್ಟು ಚಟುವಟಿಕೆ ವಯಸ್ಕರಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹಾಗಾದರೆ ಓದು ಎಲ್ಲಿ ನೆರವಾಗುತ್ತದೆ? ಒಂದು, ಬೇರೆ ಕೆಲಸ ಆರಿಸಿಕೊಳ್ಳುವ ದಾರಿ ತೆರೆಯುತ್ತದೆ. ಎರಡು, ಕಾಯಿಲೆಯನ್ನು ಬೇಗ ಗುರುತಿಸಲು ಕಲಿಸುತ್ತದೆ. ತಿಳಿವಳಿಕೆಯಿಲ್ಲದೆ ನಾವು "ಶೀತದ ಕೆಮ್ಮು" ಎಂದು ವರ್ಷಗಳನ್ನು ಕಳೆಯುತ್ತೇವೆ. ಇನ್‌ಹೇಲರ್ ಚಟವಾಗುತ್ತದೆಂದು ಹೆದರುತ್ತೇವೆ. ಅದು ಚಟವಲ್ಲ, ಔಷಧಿಯನ್ನು ನೇರವಾಗಿ ಶ್ವಾಸನಾಳಕ್ಕೆ ತಲುಪಿಸುವ ಸಾಧನ. ಕೊಳವೆಯೊಳಗೆ ಜೋರಾಗಿ ಊದುವ ಸ್ಪೈರೋಮೆಟ್ರಿ ಎಂಬ ಪರೀಕ್ಷೆಯಿಂದ ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಎಂಬುದು ತಿಳಿಯುತ್ತದೆ.

ಶ್ವಾಸಕೋಶ ಇಪ್ಪತ್ತರ ಆಚೀಚೆಯ ವಯಸ್ಸಿನವರೆಗೂ ಬೆಳೆಯುತ್ತದೆ. ಶಾಲೆ ಬಿಡಿಸಿ ಒಲೆಯ ಮುಂದೆ ಕೂರಿಸಿದ ಹೆಣ್ಣುಮಗು ಪುಸ್ತಕವನ್ನಷ್ಟೇ ಅಲ್ಲ, ತನ್ನ ಪೂರ್ಣ ಉಸಿರನ್ನೂ ಕಳೆದುಕೊಳ್ಳಬಹುದು. ಮುಂದೆ ಆ ನಷ್ಟವನ್ನು ಯಾವ ಕೂಲಿಯೂ ತುಂಬಿಕೊಡದು.

ಆದ್ದರಿಂದ ಘಟಕಕ್ಕೆ ಎತ್ತರದ ಚಿಮಣಿ, ಹಬೆ ಹೊರದೂಡುವ ಫ್ಯಾನು ಹಾಕಿಸೋಣ. ಬೀಡಿ ಸಿಗರೇಟು ಬಿಡೋಣ. ಕೆಮ್ಮು ಬಿಡದಿದ್ದರೆ ವೈದ್ಯರಿಗೆ ನಮ್ಮ ಕಸುಬು ಯಾವುದೆಂದು ಮರೆಯದೆ ಹೇಳೋಣ. ಮಕ್ಕಳನ್ನು ಶಾಲೆಯಲ್ಲೇ ಉಳಿಸೋಣ. ಅಲ್ಲಾಹನು ನಮ್ಮೆಲ್ಲರಿಗೂ ಆರೋಗ್ಯ ಕರುಣಿಸಲಿ. ಆಮೀನ್.